ರೋಗ ನನ್ನದು, ಔಷಧ ಅವರಿಗೆ

"ಸಾಹೇಬ್ರ, ಒಂದಕ್ಕ ಅವಸರ ಆತಂದ್ರ ಹಿತ್ತಲ ಮುಟ್ಟೋತನಕ ನನಗ ತಡಿಯಾಕ ಆಗವಲ್ದು," ಎಂದು ನಮ್ಮ ಯಜಮಾನರು ಬಳ್ಳಾರಿಯ ಡಾಕ್ಟರಿಗೆ ಹೇಳಿದಾಗ ಬಾಗಿಲ ಹಿಂದೆ ಕೂತಿದ್ದ ನಾನು ಬೆಚ್ಚಿದೆ. ಆ ತೊಂದರೆ ಇದ್ದದ್ದು ನನಗೆ. ಕುರುಗೋಡಿನಿಂದ ಬರುವಾಗ ದಾರಿಯುದ್ದಕ್ಕೂ ಎತ್ತಿನ ಗಾಡಿ ನಿಂತದ್ದೂ ನನ್ನಿಂದಲೇ. ಆದರೆ ನಮ್ಮ ಮನೆತನದ ಹೆಂಗಸು ಪರಪುರುಷರ ಮುಂದೆ ಬಾಯಿ ಬಿಡುವಂತಿಲ್ಲ. ಹೆಂಡತಿಯ ಇಂಥ ಸಂಗತಿಯನ್ನು ಗಂಡ ಆಡಿದರೆ ಮರ್ಯಾದೆ ಉಳಿಯುವುದಿಲ್ಲ. ಹಾಗಾಗಿ ರೋಗವನ್ನು ಅವರೇ ಹೊತ್ತುಕೊಂಡರು.

ಮದರಾಸಿನಲ್ಲಿ ಕಲಿತು ಬಂದ ಡಾಕ್ಟರು ಅವರ ಹೊಟ್ಟೆ ಒತ್ತಿ ನೋಡಿ, ಕಹಿ ಔಷಧವನ್ನು ಅಲ್ಲೇ ಕುಡಿಸಿದರು. "ಅವಸರ ಆದಕೂಡ್ಲೇ ಓಡಬ್ಯಾಡ್ರಿ. ಕುಂತಲ್ಲೇ ಕೆಳಗ ಬಿಗಿ ಹಿಡೀರಿ. ಅವಸರ ಇಳಿದಮ್ಯಾಲ ನಿಧಾನಕ್ಕ ಹೋಗ್ರಿ. ದಿನಾ ಒಂದೀಟು ತಡಾ ಮಾಡಿಕೋತ ಬರ್ರಿ," ಎಂದರು.

ಮನೆಗೆ ಬಂದ ಮೇಲೆ ಯಜಮಾನರು ನಾಚಿಕೆಯಿಂದ ನನಗೆ ಏನೂ ಹೇಳಲಿಲ್ಲ. ಬಾಗಿಲ ಹಿಂದೆ ಕೇಳಿದ್ದನ್ನೇ ನಾನು ದಿನವೂ ಒಲೆಯ ಮುಂದೆ ಕೂತು ಮಾಡುತ್ತ ಬಂದೆ. ಮರುಸಲ ಬಳ್ಳಾರಿಗೆ ಹೋಗುವಾಗ ಗಾಡಿ ನಿಂತದ್ದು ಎತ್ತುಗಳಿಗೆ ನೀರು ಕುಡಿಸಲು ಮಾತ್ರ. "ನೀವು ಹೇಳಿದಂಗ ಮಾಡಿದೆ, ಆರಾಮಾತು," ಎಂದು ಯಜಮಾನರು ಡಾಕ್ಟರಿಗೆ ಕೈಮುಗಿದರು.

ಸುದ್ದಿ ಊರಿಗೆ ಹಬ್ಬಿತು. ಈಗ ಗಂಡಸರು ಒಬ್ಬೊಬ್ಬರೇ ಬಂದು, ತಮಗೂ ಅದೇ ತೊಂದರೆಯೆಂದು ಯಜಮಾನರ ಕಿವಿಯಲ್ಲಿ ಹೇಳಿ ಉಪಾಯ ಕೇಳಿಕೊಂಡು ಹೋಗುತ್ತಾರೆ. ನಮ್ಮೂರ ಹೆಂಗಸರಿಗೆ ಮಾತ್ರ ಈ ರೋಗ ಬರುವುದೇ ಇಲ್ಲ.