ತೊಟ್ಟಿಲಿಗೆ ಹಾಕಿದ ಕುಟ್ಟಾಣಿ

ನನ್ನ ಮಗಳ ಹೆಸರು ಜನನ ಪ್ರಮಾಣಪತ್ರದಲ್ಲಿತ್ತು, ಪಾಸ್‌ಪೋರ್ಟ್ ಅರ್ಜಿಯಲ್ಲಿತ್ತು. ಆದರೂ ಹನ್ನೊಂದು ದಿನ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮಲ್ಲಿ ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ, ಮಗುವಿನ ಕಿವಿಯಲ್ಲಿ ಹೇಳುವತನಕ ಹೆಸರು ಹೆಸರಲ್ಲ. ಇರುವ ಒಬ್ಬಳೇ ಸೋದರತ್ತೆ, ನನ್ನ ನಾದಿನಿ, ವೀಸಾ ಸಿಗದೆ ಮೈಸೂರಿನಲ್ಲೇ ಉಳಿದಿದ್ದಳು. "ಅಪ್ಪ, ಅಮ್ಮ, ಹೆಂಡತಿ, ಮಕ್ಕಳು. ಫ್ಯಾಮಿಲಿ ಅಂದ್ರೆ ಅಷ್ಟೇ, ಖಲಾಸ್. ತಂಗಿ ಆಮೇಲೆ," ಎಂದಿದ್ದ ನನ್ನ ಗಂಡನ ಕಂಪನಿಯಲ್ಲಿ ವೀಸಾ ಕಾಗದ ನೋಡುವವನು. ಹಾಗಾಗಿ ನಾವಿರುವ ಕುವೈತಿಗೆ ಬಂದಿಳಿದವರು ನನ್ನ ಅತ್ತೆ ಒಬ್ಬರೇ.

"ಬೇರೆ ಯಾರಾದ್ರೂ ಹೇಳಿದ್ರೆ ನಾನು ಆ ಮಗೂನ ಆ ಹೆಸರಲ್ಲಿ ಕರೆಯೋದೇ ಇಲ್ಲ," ಎಂದು ನಾದಿನಿ ಫೋನಿನಲ್ಲಿ ಹಟ ಹಿಡಿದಳು. ಅವಳು ಹಾಗೆ ಮಾಡಿಯೇ ತೀರುವವಳು. ನಮ್ಮ ಮದುವೆಯಲ್ಲಿ ಯಾರೋ ತನಗೆ ಹೋಳಿಗೆ ಬಡಿಸಲು ಮರೆತರೆಂದು ಇವತ್ತಿಗೂ ಹೋಳಿಗೆ ಮುಟ್ಟುವುದಿಲ್ಲ. ಕೊನೆಗೆ ವಿಡಿಯೋ ಕಾಲ್‌ನಲ್ಲೇ ಹೆಸರು ಹೇಳಿಸುವುದೆಂದು ತೀರ್ಮಾನವಾಯಿತು.

ಇನ್ನೊಂದು ತೊಡಕು ಗುಂಡುಕಲ್ಲಿನದು. ಮಗು ಗಟ್ಟಿಮುಟ್ಟಾಗಲೆಂದು ತೊಟ್ಟಿಲಿಗೆ ಮೊದಲು ರುಬ್ಬುವ ಗುಂಡುಕಲ್ಲನ್ನು ಹಾಕಬೇಕು. ಎಗೈಲಾದ ನಮ್ಮ ಫ್ಲ್ಯಾಟಿನಲ್ಲಿ ಇದ್ದದ್ದು ಮಿಕ್ಸಿ. "ಜಾರ್ ಮಲಗ್ಸಿದ್ರೆ ಆಗಲ್ವಾ?" ಎಂದ ನನ್ನ ಗಂಡನನ್ನು ಅತ್ತೆ ಒಮ್ಮೆ ನೋಡಿದರು. ಅವನು ಸೀದಾ ಬಾಲ್ಕನಿಗೆ ಹೋದ.

ಆಗ ಮೇಲಿನ ಮನೆಯ ಈಜಿಪ್ಟಿನ ಲೆಕ್ಕದ ಟೀಚರ್ ನೆನಪಾದರು. ದಿನಾ ಸಂಜೆ ತಪ್ಪದೆ ನಮ್ಮ ತಲೆಯ ಮೇಲೆ ಹಿತ್ತಾಳೆ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಕುಟ್ಟುವುದು ಅವರ ಅಭ್ಯಾಸ. ಬಸುರಿಯಾಗಿದ್ದಾಗ ಎರಡು ಸಲ ಮೆಟ್ಟಿಲು ಹತ್ತಿ ಜಗಳವಾಡಿ ಬಂದಿದ್ದೆ. ಮೂರನೆಯ ಸಲ ಹೋಗಿ ಅದೇ ಕುಟ್ಟಾಣಿಯನ್ನು ಕೇಳಿದಾಗ, ಜಪ್ತಿ ಮಾಡಲು ಬಂದಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತೊಟ್ಟಿಲ ಶಾಸ್ತ್ರಕ್ಕೆ ಎಂದೆ. ಅವರ ಮುಖ ಅರಳಿತು. ಮಗು ಹುಟ್ಟಿದರೆ ನಮ್ಮಲ್ಲೂ ಕುಟ್ಟಾಣಿ ಬೇಕೇ ಬೇಕಲ್ಲ, ನಾನೇ ತರುತ್ತೇನೆ ಎಂದರು.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅತ್ತೆ ಹತ್ತಕ್ಕೇ ಕುಟ್ಟಾಣಿಗೆ ಕುಲಾವಿ ತೊಡಿಸಿ, ದೃಷ್ಟಿಬೊಟ್ಟಿಟ್ಟು, ಫಹಾಹೀಲ್ ಪೇಟೆಯಿಂದ ತಂದ ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಟೀಚರ್ ಸೋಫಾ ಹಿಡಿದುಕೊಂಡು ನಕ್ಕರು. ಅವರ ಕಡೆ ಅದನ್ನು ಮಲಗಿಸುವುದಿಲ್ಲವಂತೆ, ಮಗುವಿನ ಪಕ್ಕದಲ್ಲಿ ಬಾರಿಸುತ್ತಾರಂತೆ.

ಕುಟ್ಟಾಣಿ ಎದ್ದು ಮಗು ಮಲಗಿತು. ಫೋನನ್ನು ಕಿವಿಯ ಹತ್ತಿರ ಹಿಡಿದೆ. ಬೆಳಗಿನಿಂದ ರೇಷ್ಮೆ ಸೀರೆಯುಟ್ಟು ಕೂತಿದ್ದ ನಾದಿನಿ, "ಅತ್ತಿಗೆ, ಇದು ಕಿವೀನಾ, ಮೂಗಾ?" ಎಂದಳು. ಆ ದನಿಗೆ ಮಗು ಬೆಚ್ಚಿ ಕಿರುಚಿದ್ದು ನಿಲ್ಲಲೇ ಇಲ್ಲ. ನಾದಿನಿ ಏನು ಹೇಳಿದರೂ ಯಾರಿಗೂ ಕೇಳಿಸುವಂತಿರಲಿಲ್ಲ. ಹತ್ತು ಇಪ್ಪತ್ತೈದಾಯಿತು.

"ಹೊತ್ತು ಮೀರತ್ತೆ, ನಾನೇ ಹೇಳ್ಬಿಡ್ತೀನಿ ಬಿಡೆ," ಎಂದರು ಅತ್ತೆ.

ಫೋನನ್ನು ನನ್ನ ಕಿವಿಗೊತ್ತಿಕೊಂಡೆ. "ಹೇಳಮ್ಮ," ಎಂದಳು ನಾದಿನಿ, ಸಣ್ಣಗೆ. ಹನ್ನೊಂದು ದಿನ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದವಳು ನಾನು. ಆಗ ಮಾತ್ರ ತೊಟ್ಟಿಲಿಗೆ ಬಗ್ಗಲು ಹೊರಟ ಅತ್ತೆಯ ತೋಳು ಹಿಡಿದು ನಿಲ್ಲಿಸಿದೆ.

ಇದೊಂದೂ ತಿಳಿಯದ ಟೀಚರ್ "ಯಲ್ಲಾ", ಅಂದರೆ ಇನ್ನು ಶುರುಮಾಡೋಣ, ಎಂದು ಕುಲಾವಿ ಕಿತ್ತು ಕುಟ್ಟಾಣಿ ಬಾರಿಸಿದರು. ಟಣ್, ಟಣ್, ಟಣ್. ಮಗು ಗಪ್‌ಚಿಪ್. ನನ್ನ ಹೊಟ್ಟೆಯೊಳಗಿದ್ದು ತಿಂಗಳುಗಟ್ಟಲೆ ದಿನಾ ಸಂಜೆ ಕೇಳಿದ್ದ ಸದ್ದಲ್ಲವೇ ಅದು. ಟೀಚರ್ ಜೊತೆಗೇ ಅರಬ್ಬಿಯಲ್ಲಿ ಏನೋ ಹಾಡಿದರು. ಅಮ್ಮನ ಮಾತು ಕೇಳು, ಅಜ್ಜಿಯ ಮಾತು ಕೇಳಬೇಡ ಎಂದು ಅದರ ಅರ್ಥವಂತೆ, ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅತ್ತೆ ಏನೆಂದು ಕೇಳಿದಾಗ, "ಆಯಸ್ಸು ಕೊಡು ಅಂತ ಬೇಡ್ಕೊತಿದಾರೆ," ಎಂದೆ.

"ಈಗ ಹೇಳೇ, ಬೇಗ," ಎಂದು ಫೋನನ್ನು ಮತ್ತೆ ಮಗಳ ಕಿವಿಗಿಟ್ಟೆ. ನಾದಿನಿ ಮೂರು ಸಲ ಪಿಸುಗುಟ್ಟಿದಳು. ಪಕ್ಕದಲ್ಲೇ ಇದ್ದ ನನಗೂ ಕೇಳಿಸಲಿಲ್ಲ, ಮಗಳಿಗೆ ಕೇಳಿಸಿತು. ನನಗೆ ಅಳು ಬಂತು. ನಾದಿನಿ ಆಗಲೇ ಅಳುತ್ತಿದ್ದಳು.

ಹೆಸರು ಹೇಳಿದ ಸೋದರತ್ತೆಗೆ ಸೀರೆ ಕೊಡುವುದು ಪದ್ಧತಿ. ಅವಳಿಗೆಂದೇ ಹಸಿರು ಬಣ್ಣದ್ದೊಂದು ತಂದಿಟ್ಟಿದ್ದೆ. "ಅದನ್ನ ಆ ಕುಟ್ಟಾಣಿಯವ್ರಿಗೇ ಕೊಟ್ಬಿಡಿ ಅತ್ತಿಗೆ," ಎಂದಳು ಮೂಗೊರೆಸಿಕೊಳ್ಳುತ್ತ. "ನಾನು ಬರೋ ತನಕ ಅಲ್ಲಿ ಅವ್ರೇ ಸೋದರತ್ತೆ. ನಾನು ಬಂದಾಗ ಉಟ್ಕೊಂಡು ತೋರಿಸ್ಬೇಕು ಅಂತ ಹೇಳಿ." ಟೀಚರ್ ಸೀರೆಯನ್ನು ಎದೆಗೊತ್ತಿಕೊಂಡು ಮೇಲೆ ಹೋದರು.

ಮುಂದಿನ ವಾರ ಅವರ ಮನೆಗೆ ಹೋದೆ. ಹಾಲ್‌ನ ಕಿಟಕಿಗೆ ಹಸಿರು ಪರದೆ ತೂಗುತ್ತಿತ್ತು, ಜರಿಯಂಚು ಸಮೇತ. ಮನೆಯಲ್ಲೇ ಅತಿ ಚಂದದ ಜಾಗ ಅದಕ್ಕೆ ಎಂದು ಹೆಮ್ಮೆಯಿಂದ ಹೇಳಿದರು.

ನಾದಿನಿಗೆ ಕೊನೆಗೂ ವೀಸಾ ಬಂದಿದೆ. ಬರುವ ಗುರುವಾರ ಇಳಿಯುತ್ತಾಳೆ. ಪರದೆಯ ವಿಷಯ ಇನ್ನೂ ಹೇಳಿಲ್ಲ.