ಮೋಟಾರ್ ಬೋಟಿನಿಂದ ಕೊಟ್ಟ ಬಾಗಿನ

ಆಗ ನನಗೆ ಅರವತ್ತೆಂಟು. ಹತ್ತು ವರ್ಷದ ಹಿಂದಿನ ಮಾತು. ವಿಮಾನ ಹತ್ತುವುದೇ ಇಲ್ಲವೆಂದ ಯಜಮಾನರನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು, ಆಕ್ಲೆಂಡಿನ ತಕಾನಿನಿಗೆ, ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದೆ. ಅಳಿಯ ಪೆನ್‌ರೋಸ್‌ನ ಗೋಡೌನೊಂದರಲ್ಲಿ ಮೆಷಿನ್ ರಿಪೇರಿ ಮಾಡುವವರು. ಒಂದು ಹುಚ್ಚು ಬಿಟ್ಟರೆ ಒಳ್ಳೆಯವರೇ. ಯಾರೋ ಮುದುಕನ ಹತ್ತಿರ ಹಳೇ ಮೋಟಾರ್ ಬೋಟ್ ಕೊಂಡು ತಂದು ಮನೆಮುಂದೆ ನಿಲ್ಲಿಸಿಕೊಂಡಿದ್ದರು. ಎರಡು ವರ್ಷದಿಂದ ಭಾನುವಾರವೆಲ್ಲ ಅದರ ಸೇವೆಯೇ.

ಮಗಳಿಗೆ ಸಾಕಾಗಿ ಷರತ್ತು ಹಾಕಿದಳು. ವೈಕಾಟೊ ಹೊಳೆಯಲ್ಲಿ ಮರ್ಸರ್‌ನಿಂದ ಹ್ಯಾಮಿಲ್ಟನ್‌ವರೆಗೆ ಹೋಗಿ ಬರುವುದು, ಮೂರು ದಿನ. ನಡುವೆ ಒಂದೇ ಒಂದು ಸಲ ಎಂಜಿನ್ ಕೈಕೊಟ್ಟರೂ ಬೋಟ್ ಮಾರಿಬಿಡುವುದು. ಅಳಿಯ ಒಪ್ಪಿದರು. ನಾನು ಮಗಳ ಪಕ್ಷ. ಅದು ತೊಲಗಿದರೆ ಅಲ್ಲಿ ನಾಲ್ಕು ಮಡಿ ಸೊಪ್ಪು ಹಾಕಬಹುದಿತ್ತು.

ನಮ್ಮ ಕಡೆ ಹೆಂಗಸರು ತುಂಬಿದ ಹೊಳೆಗೆ ಬಾಗಿನ ಕೊಡುತ್ತೇವೆ. ಮೊರದಲ್ಲಿ ಅರಿಶಿನ, ಕುಂಕುಮ, ಅಕ್ಕಿ, ಬೆಲ್ಲ, ಗಾಜಿನ ಬಳೆ, ರವಿಕೆ ಕಣ ಇಟ್ಟು ನೀರಿಗೆ ಬಿಡುವುದು. ಮೂರು ದಿನ ಹೊಳೆಯ ಮೇಲೆ ಕೂರುವವಳು ಬರಿಗೈಯಲ್ಲಿ ಹೋಗುವುದು ನನಗೆ ಸರಿಕಾಣಲಿಲ್ಲ. ಮೊರ ಸಿಗದೆ ಬ್ರೆಡ್ ಇಡುವ ಬೆತ್ತದ ಬುಟ್ಟಿಯಲ್ಲೇ ಎಲ್ಲ ಜೋಡಿಸಿಕೊಂಡೆ. ಮರ್ಸರ್‌ನಲ್ಲಿ ಬೋಟನ್ನು ನೀರಿಗೆ ಇಳಿಸುವಾಗ ಹಿಂದೆ ತಮ್ಮ ಬೋಟ್ ಇಳಿಸಲು ನಾಲ್ಕು ಗಾಡಿಗಳು ಕಾಯುತ್ತಿದ್ದವು. ಅಳಿಯ ಬಾಗಿನ ನಾಳೆ ಬಿಡೋಣ ಎಂದರು.

ಮೊದಲ ದಿನ ಚೆನ್ನಾಗಿತ್ತು. ಚಪಾತಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದು, ಕಾಲು ಚಾಚಿ ಕೂತಿದ್ದೆ. ದಡದ ಹಸುಗಳು ನೀರಿನ ತನಕ ಬಂದು ನಮ್ಮನ್ನು ನೋಡಿದವು. ಕಾವೇರಿ ನೆನಪಾಗುತ್ತದಾ ಎಂದು ಮಗಳು ಕೇಳಿದಳು. ಇಲ್ಲ ಎಂದೆ. ಇಲ್ಲಿ ಬಂಡೆಯಿಲ್ಲ, ಬಟ್ಟೆ ಒಗೆಯುವವರಿಲ್ಲ, ಹೊಳೆ ಸುಮ್ಮನೆ ಹೋಗುತ್ತಿತ್ತು. ಸಂಜೆ ಹಂಟ್ಲಿಯ ಕರೆಂಟ್ ಕಾರ್ಖಾನೆಯ ಎರಡು ದೊಡ್ಡ ಚಿಮಣಿಗಳ ಹತ್ತಿರ ಬೋಟ್ ಕಟ್ಟಿ ಅದರಲ್ಲೇ ಮಲಗಿದೆವು.

ಬೆಳಿಗ್ಗೆ ಅಳಿಯ ಹಗ್ಗ ಬಿಚ್ಚಿ ಎಂಜಿನ್ ಶುರುಮಾಡಿದರು. ನಾನು ಮುಂದುಗಡೆ ಬಗ್ಗಿ, ಕೈಮುಗಿದು, ಬುಟ್ಟಿಯನ್ನು ನೀರಿಗೆ ಬಿಟ್ಟೆ. ನೀರು ಹರಿಯುವುದು ಬೋಟಿನ ಹಿಂಭಾಗಕ್ಕೆ, ಎಂಜಿನ್ ಇರುವುದೂ ಅಲ್ಲೇ. ಅಷ್ಟು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ. ಅವರು ಗೇರ್ ಹಾಕಿದರು. ಧಡ್ ಅಂತ ಒಂದು ಸದ್ದಾಯಿತು, ಎಂಜಿನ್ ನಿಂತಿತು. ಬೋಟ್ ಹಿಂದಕ್ಕೆ ಹೋಗಿ ದಡದ ಮರದ ಕೊಂಬೆಗಳಿಗೆ ಸಿಕ್ಕಿಕೊಂಡಿತು.

"ಮುಗೀತಲ್ಲ," ಎಂದಳು ಮಗಳು.

ಅಳಿಯ ಪೆಟ್ರೋಲ್ ನೋಡಿದರು, ಬ್ಯಾಟರಿ ನೋಡಿದರು, ಪ್ಲಗ್ ಬಿಚ್ಚಿ ಒರೆಸಿದರು. ಮುಖ ಪರೀಕ್ಷೆ ಫೇಲಾದವರ ಹಾಗಿತ್ತು. ನನ್ನ ಬುಟ್ಟಿ ದೂರದಲ್ಲಿ ಬೋರಲಾಗಿ ತೇಲುತ್ತಿತ್ತು. ಕಣ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾಯಿತು. ಸುಮ್ಮನಿದ್ದಿದ್ದರೆ ಬೋಟ್ ಮಾರಾಟವಾಗುತ್ತಿತ್ತು, ನನ್ನ ಸೊಪ್ಪಿಗೆ ಜಾಗ ಆಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೇ ಇದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಮನುಷ್ಯ ಸರಿಯಿದ್ದ ಪ್ಲಗ್ಗನ್ನೇ ಮೂರನೆಯ ಸಲ ಒರೆಸುವುದನ್ನು ನೋಡಲಾಗಲಿಲ್ಲ.

"ಅದನ್ನ ಬಿಡಿ. ಹಿಂದುಗಡೆ ಎತ್ತಿ ನೋಡಿ. ನಿಮ್ಮ ಬೋಟು ನನ್ನ ರವಿಕೆ ಕಣ ನುಂಗಿದೆ," ಎಂದೆ.

ಎಂಜಿನ್ ಎತ್ತಿದರು. ಫ್ಯಾನಿನಂಥ ರೆಕ್ಕೆಗೆ ಹಸಿರು ಪಾಲಿಸ್ಟರ್ ಬಟ್ಟೆ ಬಿಗಿಯಾಗಿ ಸುತ್ತಿಕೊಂಡಿತ್ತು. ತರಕಾರಿ ಚಾಕುವಿನಿಂದ ಕೊಯ್ದು ಕೊಯ್ದು ತೆಗೆಯಲು ಒಂದು ಗಂಟೆ ಹಿಡಿಯಿತು. ಆಮೇಲೆ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು.

ಮಗಳು ಬಿಡಲಿಲ್ಲ. "ನಿಂತಿದ್ದು ನಿಂತಿದ್ದೇ, ಅಮ್ಮ. ಷರತ್ತು ಅಂದ್ರೆ ಷರತ್ತು."

"ಅದು ಎಲ್ಲೇ ನಿಂತಿತು? ನಾನು ನಿಲ್ಲಿಸಿದ್ದು. ಮಾರೋದಾದ್ರೆ ನನ್ನನ್ನ ಮಾರು."

"ನಿನ್ನನ್ನ ಯಾರು ತಗೋತಾರೆ?"

"ಪುಕ್ಕಟೆ ಕೊಟ್ರೂ ವಾಪಸ್ ತಂದುಬಿಡ್ತಾರೆ," ಎಂದು ಅಳಿಯ ತಗ್ಗಿದ ದನಿಯಲ್ಲಿ ಹೇಳಿದರು. ಮದುವೆಯಾಗಿ ಹದಿಮೂರು ವರ್ಷದಲ್ಲಿ ನನ್ನೆದುರು ಅವರು ಆಡಿದ ಮೊದಲ ತಮಾಷೆ ಅದು. ಮಗಳು ಬೇಡಬೇಡವೆಂದರೂ ನಕ್ಕಳು. ಮರ್ಸರ್‌ಗೆ ವಾಪಸ್ ಸೇರುವವರೆಗೆ ಇನ್ನೊಂದು ಸಲ ನಿಲ್ಲದಿದ್ದರೆ ಉಳಿಸಿಕೊಳ್ಳಿ ಎಂದಳು.

ಆ ಸಂಜೆ ಹ್ಯಾಮಿಲ್ಟನ್ ಸೇರಿದೆವು. ಮರುದಿನ ಇಳಿನೀರಿನಲ್ಲಿ ಇಡೀ ದಾರಿ ನಾನು ಹಿಂದುಗಡೆ ಎಂಜಿನ್ನಿನ ಪಕ್ಕದಲ್ಲೇ ಕೂತು, ನೀರಿನಲ್ಲಿ ಕಸಕಡ್ಡಿ ಕಂಡಾಗೆಲ್ಲ ಕೂಗಿ ಹೇಳಿದೆ. ಮಗಳು ಮುಂದೆ ಕೂತು ಯಾವಾಗ ನಿಲ್ಲುತ್ತದೋ ಎಂದು ಕಿವಿಕೊಟ್ಟಿದ್ದಳು. ಅದು ನಿಲ್ಲಲಿಲ್ಲ. ಮರ್ಸರ್‌ನಲ್ಲಿ ಬೋಟನ್ನು ಟ್ರೈಲರ್ ಮೇಲೆ ಏರಿಸುವಾಗ ಅಳಿಯ ಸಿಳ್ಳೆ ಹಾಕುತ್ತಿದ್ದರು.

ಮಾರನೆಯ ಬೆಳಿಗ್ಗೆ ಬೋಟಿನ ಚಾದರಗಳನ್ನೆಲ್ಲ ಅಂಗಳಕ್ಕೆ ತಂದು ಒಗೆದೆ. ಬೇಲಿಯಾಚೆಯ ಗಂಡಸು ಬೋಟ್ ಮಾರುತ್ತೀರಾ ಎಂದು ಕೇಳಿದ. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ. ನೋ ಎಂದು ಹೇಳಿ, ಚಾದರ ಹಿಂಡಿ ಒಣಹಾಕಿದೆ.