ಮಾವನ ದೋಣಿ, ನಾನು ತಿದ್ದಿದ ಗೆರೆ

ಈಚೆಗೆ ನಮ್ಮ ಅಂಗಡಿಗೆ ಮರದ ಲಗ್ನಪತ್ರಿಕೆಯ ಮಾದರಿಯೊಂದು ಬಂತು. ನೀವೂ ನೋಡಿರುತ್ತೀರಿ: ರಟ್ಟಿನಷ್ಟು ತೆಳುವಾದ ಹಲಗೆ, ಅದರಲ್ಲಿ ಲೇಸರಿನಿಂದ ಕೊರೆದ ಗಣಪತಿ, ಬಾಳೆಕಂಬ, ವಧೂವರರ ಹೆಸರು. ಮದುವೆ ಮುಗಿದ ಮೇಲೆ ಅದನ್ನು ಎಸೆಯುವುದಕ್ಕೂ ಆಗುವುದಿಲ್ಲ, ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ. ಲಕೋಟೆ ಬಿಚ್ಚಿದ್ದೇ ತಡ, ಸುಟ್ಟ ಮರದ ಸಣ್ಣ ವಾಸನೆ ಮೂಗಿಗೆ ಬಂತು. ಒಲೆಯ ಹೊಗೆಯಲ್ಲ, ಊದುಬತ್ತಿಯೂ ಅಲ್ಲ. ಆಗತಾನೆ ಕೆತ್ತಿದ ಪೆನ್ಸಿಲಿಗೂ ಇಸ್ತ್ರಿಪೆಟ್ಟಿಗೆಯ ಕೆಳಗೆ ಮರೆತ ಬಟ್ಟೆಗೂ ನಡುವೆ ಎಲ್ಲೋ ಬರುವಂಥದ್ದು. ಗಿರಾಕಿ ಎದುರಿಗೇ ಕೂತಿದ್ದರು. ಅವರ ಮಗಳ ಹೆಸರನ್ನು ಎರಡು ಸಲ ಕೇಳಿದೆ, ಎರಡು ಸಲವೂ ಬರೆದುಕೊಳ್ಳಲಿಲ್ಲ. ಮನಸ್ಸು ಮಾವನವರ ದೋಣಿಯ ಹತ್ತಿರ ಹೋಗಿಬಿಟ್ಟಿತ್ತು.

ನನ್ನದು ಆಗಲೂ ಈಗಲೂ ಒಂದೇ ಕಸುಬು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಮಹಡಿಯ ಮೇಲೆ ಕೂತು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ವೈಕುಂಠ ಸಮಾರಾಧನೆಯ ಕಾರ್ಡು ತಯಾರಿಸುವುದು. ಬೇರೆಯವರು ಬರೆದದ್ದನ್ನು ತಿದ್ದಿ ತಿದ್ದಿ, ಲೋಕದಲ್ಲಿ ಇರುವುದೆಲ್ಲ ನಾನು ತಿದ್ದಲಿ ಎಂದೇ ಕಾದಿದೆ ಎಂಬ ಭ್ರಮೆ ನನಗೆ ಬೇಗನೆ ಹತ್ತಿಕೊಂಡಿತು. ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಬನಶಂಕರಿ ಎರಡನೇ ಹಂತದ ಮನೆಗೆ ಬಂದಾಗ ಮಾವನವರು ಆಗಷ್ಟೇ ನಿವೃತ್ತರಾಗಿದ್ದರು. ಒಂದು ಕಾರ್ಖಾನೆಯ ಎರಕದ ವಿಭಾಗದಲ್ಲಿ ಮರದ ಅಚ್ಚು ಮಾಡುತ್ತಿದ್ದವರು. ಕಬ್ಬಿಣದ ಪಂಪು ಆಗಬೇಕಾದರೆ ಮೊದಲು ಅದನ್ನು ಮರದಲ್ಲಿ ಮಾಡಬೇಕು, ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆಯಬೇಕು, ಉಳಿದ ಗುಳಿಯೊಳಗೆ ಕರಗಿದ ಕಬ್ಬಿಣ ಸುರಿಯಬೇಕು. ಇದನ್ನು ಅವರು ನನಗೆ ತಿಳಿಸಿಕೊಟ್ಟದ್ದು ರವೆ ಡಬ್ಬಿಯಲ್ಲಿ ಚಮಚ ಒತ್ತಿ ತೋರಿಸಿ. ಅತ್ತೆ ಆ ರವೆಯಲ್ಲೇ ಉಪ್ಪಿಟ್ಟು ಮಾಡಿದರು.

ನಿವೃತ್ತರಾದ ಮೇಲೆ ಅವರು ದೋಣಿ ಮಾಡತೊಡಗಿದರು. ಒಂದೂವರೆ ಅಡಿ, ಎರಡು ಅಡಿ ಉದ್ದದ ಮರದ ದೋಣಿಗಳು. ಸಮುದ್ರವನ್ನು ಅವರು ನೋಡಿದ್ದು ಒಂದೇ ಸಲ. ಅದೂ ಅತ್ತೆಯ ಚಪ್ಪಲಿಯನ್ನು ಅಲೆ ಎಳೆದುಕೊಂಡು ಹೋಗಿ, ಅದನ್ನು ಹುಡುಕುವುದರಲ್ಲೇ ಹೊತ್ತು ಕಳೆಯಿತಂತೆ. ಹಾಗಿದ್ದ ಮೇಲೆ ದೋಣಿಯೇ ಏಕೆ ಎಂದು ಒಮ್ಮೆ ಕೇಳಿದೆ.

“ಅಷ್ಟು ವರ್ಷ ನಾನು ಮರದಲ್ಲಿ ಮಾಡಿದ್ದೆಲ್ಲಾ ಕಬ್ಬಿಣ ಆಗೋಕೆ ಹೋಯ್ತಮ್ಮ,” ಎಂದರು. “ಎರಕ ಆದ್ಮೇಲೆ ಅಚ್ಚನ್ನ ಯಾರು ಕೇಳ್ತಾರೆ, ಮೂಲೆಗೆ ಹಾಕ್ತಾರೆ. ಒಂದಾದ್ರೂ ಮರವಾಗೇ ಇರ್ಲಿ ಅಂತ.”

ದೋಣಿಯ ಪರೀಕ್ಷೆ ನಡೆಯುತ್ತಿದ್ದದ್ದು ನಮ್ಮ ಮನೆಯ ಸಂಪಿನಲ್ಲಿ. ಕಾವೇರಿ ನೀರು ಬಂದ ದಿನ, ಸಂಪು ತುಂಬಿದ ಮೇಲೆ, ಕಬ್ಬಿಣದ ಮುಚ್ಚಳ ಸರಿಸಿ, ಅಂಗಳದಲ್ಲಿ ಬೋರಲು ಮಲಗಿ ದೋಣಿಯನ್ನು ನೀರಿಗೆ ಬಿಡುತ್ತಿದ್ದರು.

“ಕುಡಿಯೋ ನೀರು ಕಣ್ರೀ ಅದು,” ಎಂದು ಅತ್ತೆ ಅಡುಗೆಮನೆಯಿಂದ ಹೇಳುವರು.

“ದೋಣೀನೂ ಮಡೀಲೇ ಇದೆ ಕಣೇ,” ಎಂದು ಮಾವನವರು ಸಂಪಿನೊಳಗೆ ತಲೆ ಇಟ್ಟುಕೊಂಡೇ ಉತ್ತರಿಸುವರು.

ಹೊಸ ಶತಮಾನದ ಐದಾರು ವರ್ಷ ಕಳೆಯುವ ಹೊತ್ತಿಗೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಕಂಡದ್ದು ಕಾಫಿ ಲೋಟದಲ್ಲಿ. ಅತ್ತೆ ಲೋಟವನ್ನು ಮುಕ್ಕಾಲು ಮಾತ್ರ ತುಂಬತೊಡಗಿದರು, ಅವರು ಗಮನಿಸದವರಂತೆ ಕುಡಿದರು. ನಾವೆಲ್ಲರೂ ಗಮನಿಸದವರಂತೆ ಇದ್ದೆವು. ಆಗ ಅವರು ಹಿಡಿದಿದ್ದದ್ದು ಮಲ್ಪೆಯ ಮೀನುದೋಣಿಯನ್ನು. ಯಾವುದೋ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು. ಚಿತ್ರದಲ್ಲಿ ಕಾಣುವುದು ಒಂದೇ ಮಗ್ಗುಲು. “ಇನ್ನೊಂದು ಮಗ್ಗುಲು ನಂಬಿಕೆ ಮೇಲೆ,” ಎನ್ನುತ್ತಿದ್ದರು. ಉದ್ದಕ್ಕೆ ಒಂದು ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಹದಿಮೂರು ಪಕ್ಕೆಲುಬು, ಅವುಗಳ ಮೇಲೆ ತೆಳ್ಳನೆಯ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದರೆ ದೋಣಿ. ಎಲ್ಲವನ್ನೂ ಕಾಗದದ ಮೇಲೆ ಬರೆದು ಮುಗಿಸಿದ್ದರು. ಮೂರನೆಯ ಪಕ್ಕೆಲುಬು ಕೊಯ್ಯುವಾಗ ಗರಗಸ ಜಾರಿ ಎಡಗೈ ಹೆಬ್ಬೆರಳಿಗೆ ಬಿತ್ತು. ನಾಲ್ಕು ಹೊಲಿಗೆ. ಮನೆಗೆ ಬಂದವರೇ ಗರಗಸ, ಉಳಿ ಎಲ್ಲವನ್ನೂ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದರು.

ಆಮೇಲೆ ದಿನವಿಡೀ ವರಾಂಡದಲ್ಲಿ ಪೇಪರು ಹಿಡಿದು ಕೂರುವರು. ಸಂಜೆ ನಾನು ಬಂದು ನೋಡಿದರೆ ಬೆಳಗಿನ ಪುಟವೇ ತೆರೆದಿರುತ್ತಿತ್ತು. ಇವರು ಹೀಗೇ ಕೂತುಬಿಟ್ಟರೆ ಮತ್ತೆ ಏಳುವುದಿಲ್ಲ ಎಂದು ನನಗೆ ನಿಜವಾಗಿ ಭಯವಾಯಿತು.

ನಮ್ಮ ಅಂಗಡಿಗೆ ರಾಜಣ್ಣ ಎಂಬುವರು ಬರುತ್ತಿದ್ದರು. ಜೆ.ಪಿ. ನಗರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಆ ಹೊತ್ತಿಗೆ ಕುಂಚ ಬಿಟ್ಟು ಲೇಸರ್ ಯಂತ್ರದಲ್ಲಿ ಪ್ಲಾಸ್ಟಿಕ್ ಅಕ್ಷರ ಕತ್ತರಿಸುತ್ತಿದ್ದರು. ಮರವೂ ಆಗುತ್ತದೆಯೇ ಎಂದು ಕೇಳಿದೆ. “ಪ್ಲೈವುಡ್ಡೂ ಕಟ್ ಆಗುತ್ತೆ ಮೇಡಂ, ಬೆಣ್ಣೆ ಥರ. ನೀವು ಡ್ರಾಯಿಂಗ್ ಮಾತ್ರ ಕಂಪ್ಯೂಟರ್‌ನಲ್ಲಿ ಹಾಕಿ ಕೊಡಿ,” ಎಂದರು. ಮನೆಗೆ ಬಂದು ಮಾವನವರಿಗೆ ಹೇಳಿದೆ. ಎದ್ದು ಹೋಗಿ, ನಕ್ಷೆಗಳ ಸುರುಳಿ ತಂದುಕೊಟ್ಟರು. “ಬೆಂಕಿ ಎಷ್ಟು ಮರ ತಿನ್ನುತ್ತೆ ಕೇಳ್ಕೊಂಡ್ ಬಾ. ಅಷ್ಟು ಲೆಕ್ಕ ಇಟ್ಕೋಬೇಕು, ಇಲ್ದಿದ್ರೆ ಜೋಡಣೆ ಸಡಿಲ ಆಗುತ್ತೆ.” ರಾಜಣ್ಣನವರನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಒಂದು ತುಂಡು ಕತ್ತರಿಸಿ, ಅಳೆದು, ಕೂದಲೆಳೆಯಷ್ಟು ಎಂದು ಹೇಳಿ ಕಳಿಸಿದರು.

ನಕ್ಷೆಯನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು ಮಾಡಿದೆ. ಕಾಗದದಲ್ಲಿ ಅಷ್ಟಾಗಿ ಕಾಣದಿದ್ದದ್ದು ಈಗ ಕಂಡಿತು. ಪ್ರತಿಯೊಂದು ಗೆರೆಯೂ ನಡುಗಿತ್ತು. ನನಗೆ ಅಳು ಬಂತು. ಜೊತೆಗೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾಚಿಕೆಯೂ ಆಯಿತು. ಇದನ್ನು ರಾಜಣ್ಣನವರು ನೋಡುತ್ತಾರಲ್ಲ ಎಂದು. ನಾಲ್ಕು ದಿನ ಮಧ್ಯಾಹ್ನದ ಊಟದ ಹೊತ್ತನ್ನು ಅದಕ್ಕೇ ಕೊಟ್ಟು, ಒಂದೊಂದು ಗೆರೆಯನ್ನೂ ನುಣ್ಣಗೆ ತಿದ್ದಿದೆ. ವಧುವಿನ ಫೋಟೋದಲ್ಲಿ ಮೊಡವೆ ಅಳಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದೆಷ್ಟರ ಕೆಲಸ ಎಂದುಕೊಂಡೆ.

ತುಂಡುಗಳು ಬಂದವು. ಅಂಚಿನಲ್ಲೆಲ್ಲ ಕಾಫಿಪುಡಿಯ ಬಣ್ಣ, ಮೈಯೆಲ್ಲ ಆ ವಾಸನೆ. ಮಾವನವರ ಮುಂದೆ ಹರಡಿ, ಅಂಕಪಟ್ಟಿ ತೋರಿಸುವ ಹುಡುಗಿಯ ಹಾಗೆ ನಿಂತೆ. ಒಂದನ್ನು ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಂದನ್ನು, ಮತ್ತೊಂದನ್ನು.

“ಚೆನ್ನಾಗಿದೆ,” ಎಂದರು. “ಯಾರು ಬರ್ದಿದ್ದು?”

“ನೀವೇ, ಮಾವ.”

“ನಾನಲ್ಲ ಇದು.”

ಸಿಟ್ಟೇನೂ ಇರಲಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಪೇಪರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಸಿಟ್ಟು ಬಂದದ್ದು ನನಗೆ. ಮೂರು ದಿನ ತಟ್ಟೆ ಲೋಟಗಳನ್ನೆಲ್ಲ ಸದ್ದು ಮಾಡಿಯೇ ಇಟ್ಟೆ. ನಾಲ್ಕನೆಯ ದಿನ ಕಾಫಿ ಕೊಡುವಾಗ ಅವರೇ ಮಾತು ತೆಗೆದರು.

“ಆರನೇ ಪಕ್ಕೆಲುಬಿನ ಕೆಳಗೆ ಒಂಚೂರು ತಗ್ಗು ಬಿಟ್ಟಿದ್ದೆ. ಪಟ್ಟಿ ಅಲ್ಲಿ ಕೂತ್ರೇನೇ ಮುಂದಕ್ಕೆ ಬಾಗೋದು. ಅದನ್ನೂ ಅಳಿಸ್ಬಿಟ್ಟಿದೀಯ.”

“ಅದು ಕೈ ನಡುಗಿದ್ದು ಅಂದ್ಕೊಂಡೆ, ಮಾವ.”

ಮನೆಯಲ್ಲಿ ಅದುವರೆಗೆ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ. ಅವರು ತಮ್ಮ ಕೈಯನ್ನು ನೋಡಿಕೊಂಡರು.

“ನಡುಗಿದ್ದೂ ಇದೆ,” ಎಂದರು. “ಎರಡೂ ಇದೆ. ನಿಂಗೆ ಹೆಂಗೆ ಗೊತ್ತಾಗ್ಬೇಕು, ಪಾಪ.”

ಆ ಭಾನುವಾರ ಅವರನ್ನು ಆಟೋದಲ್ಲಿ ನಮ್ಮ ಅಂಗಡಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಟರು, ಥೇಟ್ ಕಾರ್ಖಾನೆಗೆ ಹೊರಟ ಹಾಗೆ. ನನ್ನ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿ, ತಿದ್ದದ ಮೂಲ ನಕ್ಷೆಯನ್ನು ತೆರೆದೆ. ತಮ್ಮ ಗೆರೆಗಳನ್ನು ಅಷ್ಟು ದೊಡ್ಡದಾಗಿ ಕಂಡು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಎಡಗೈ ಬೆರಳನ್ನು ಪರದೆಗೆ ಇಟ್ಟರು.

“ಇದು ನಂದು. ಇರ್ಲಿ.”

ಮುಂದೆ ಹೋದರು. “ಇದು ಕೈಯ್ದು. ತೆಗಿ. ಇದೂ ಕೈಯ್ದು. ಇದು ನಂದು.”

ಕೈ ಎಂಬುದು ಅವರ ಜೊತೆ ಕೆಲಸಕ್ಕೆ ಸೇರಿದ ಯಾರೋ ಬೇರೆಯವರು ಎಂಬಂತೆ ಹೇಳುತ್ತಿದ್ದರು. ಎರಡು ಗಂಟೆ ಹಾಗೆ ಕೂತೆವು. ನಾನು ನಡುಕ ಎಂದುಕೊಂಡಿದ್ದರಲ್ಲಿ ಎಷ್ಟೋ ನಡುಕವೇ ಆಗಿರಲಿಲ್ಲ. ಪ್ರತಿಯೊಂದು ಉಬ್ಬಿಗೂ ತಗ್ಗಿಗೂ ಅವರ ಹತ್ತಿರ ಒಂದು ಕಾರಣವಿತ್ತು. ಎಷ್ಟು ಸಲೀಸಾಗಿ ಅವರನ್ನೇ ಅಳಿಸಿಬಿಟ್ಟಿದ್ದೆ ನಾನು.

ಕೊನೆಗೆ ಉಳಿದದ್ದು ಬೆನ್ನೆಲುಬು. ಅದರ ಮುಂಭಾಗದಲ್ಲಿ, ದೋಣಿಯ ಮೂಗು ಮೇಲೇಳುವ ಕಡೆ, ಒಂದು ಸಣ್ಣ ಉಬ್ಬು. ಅಲ್ಲಿ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಗಾಳಿಯಲ್ಲಿ ಆ ಗೆರೆಯನ್ನು ಬರೆದು ನೋಡಿದರು.

“ಇದು ನಂಗೂ ಗೊತ್ತಾಗ್ತಿಲ್ಲಮ್ಮ,” ಎಂದರು.

ಅವರ ದನಿಯಲ್ಲಿ ಹೆದರಿಕೆ ಇತ್ತು. ಹೆಬ್ಬೆರಳು ಕೊಯ್ದುಕೊಂಡ ದಿನವೂ ನಾನು ಅದನ್ನು ಕೇಳಿರಲಿಲ್ಲ. ಎಲ್ಲದಕ್ಕೂ ತಿದ್ದುಪಡಿ ಸಿದ್ಧವಾಗಿಟ್ಟುಕೊಂಡಿರುವ ನಾನು ಮೌಸಿನ ಮೇಲಿನ ಕೈ ತೆಗೆದೆ.

“ಇರ್ಲಿ ಬಿಡಿ, ಮಾವ.”

“ಹೂಂ,” ಎಂದರು. “ಇರ್ಲಿ.”

ಎರಡನೆಯ ಸಲ ಬಂದ ತುಂಡುಗಳನ್ನು ಅವರು ಪೇಪರಿನಲ್ಲಿ ಸುತ್ತಿಡಲಿಲ್ಲ. ಅಟ್ಟದಿಂದ ಪಂಚೆಯ ಗಂಟು ಇಳಿಯಿತು. ಬೆನ್ನೆಲುಬಿನ ಸೀಳುಗಳಲ್ಲಿ ಪಕ್ಕೆಲುಬುಗಳನ್ನು ಕೂರಿಸಬೇಕಿತ್ತು. ಜೋಡಣೆ ಎಷ್ಟು ಬಿಗಿಯಾಗಿತ್ತೆಂದರೆ ನಾನು ಒತ್ತಿದರೆ ಇಳಿಯುತ್ತಲೇ ಇರಲಿಲ್ಲ. ಅವರು ಹಿಡಿದರೆ, ಕೈ ನಡುಗಿ ನಡುಗಿ, ತಾನಾಗಿ ಇಳಿದು ಕೂರುತ್ತಿತ್ತು. “ನೋಡ್ದಾ, ಈ ಕೆಲಸಕ್ಕೆ ಇದೇ ಬೇಕು,” ಎಂದು ನಕ್ಕರು. ಎರಡು ತಿಂಗಳ ಮೇಲೆ, ನೀರು ಬಂದ ದಿನ, ಮೀನುದೋಣಿ ಸಂಪಿಗೆ ಇಳಿಯಿತು. ಆ ಸಲ ಬೋರಲು ಮಲಗಿದ್ದು ನಾನು. ಅವರು ಕುರ್ಚಿಯಲ್ಲಿ ಕೂತು ಹಿಂದಿನಿಂದ ಅಪ್ಪಣೆ ಕೊಡುತ್ತಿದ್ದರು. ದೋಣಿ ವಾಲದೆ ನಿಂತಿತು. ಕುಡಿಯುವ ನೀರಿನ ಮಾತನ್ನು ಅತ್ತೆ ಅಂದು ಎತ್ತಲಿಲ್ಲ.

ಮಾವನವರು ಆಮೇಲೆ ನಾಲ್ಕು ವರ್ಷ ಇದ್ದರು. ಅವರು ಹೋಗಿ ಬಹಳ ಕಾಲವಾಯಿತು. ಆ ನಕ್ಷೆಯ ಕಡತವನ್ನು ಮಾತ್ರ ನಾನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಬಂದಿದ್ದೇನೆ. ನನ್ನ ಕೈಯಲ್ಲೂ ಒಂದು ದೋಣಿ ಆಗುತ್ತದೋ ನೋಡೋಣ ಎನ್ನಿಸಿ, ಕಳೆದ ಶನಿವಾರ ಅದನ್ನು ಬಿಟಿಎಂ ಲೇಔಟಿನ ಒಂದು ಲೇಸರ್ ಅಂಗಡಿಗೆ ತೆಗೆದುಕೊಂಡು ಹೋದೆ. ಯಂತ್ರ ನಡೆಸುವವಳು ಹುಬ್ಬಳ್ಳಿ ಕಡೆಯ ಹೆಣ್ಣುಮಗಳು, ಕೆಲಸದಲ್ಲಿ ಬಹಳ ಚುರುಕು. ಕಡತ ತೆರೆದು, ಹಿಗ್ಗಿಸಿ, ಬೆನ್ನೆಲುಬಿನ ಮುಂಭಾಗದಲ್ಲಿ ನಿಲ್ಲಿಸಿದಳು.

“ಮೇಡಂ, ಇಲ್ಲೊಂದ್ ಕಡೆ ಲೈನ್ ಅಲುಗ್ಯಾಡೇತ್ರಿ. ಸರಿ ಮಾಡ್ಲೇನ್ರಿ?”

“ಬೇಡಮ್ಮ,” ಎಂದೆ. “ಅದು ಯಾರದು ಅಂತ ಇನ್ನೂ ಗೊತ್ತಾಗಿಲ್ಲ.”

ಅವಳು ನನ್ನ ಮುಖ ನೋಡಿ, ಯಂತ್ರ ಚಾಲೂ ಮಾಡಿದಳು. ನಾನು ಗಾಜಿನ ಮುಚ್ಚಳದ ಮೇಲೆ ಬಗ್ಗಿ ನಿಂತೆ. ಸಣ್ಣ ಬೆಳಕಿನ ಚುಕ್ಕೆ ಮರವನ್ನು ಸುಡುತ್ತಾ ನುಣ್ಣಗೆ ಬಂದು, ಆ ಜಾಗದಲ್ಲಿ ಒಂದಿಷ್ಟು ಆಚೆ ಸರಿದು, ಮತ್ತೆ ದಾರಿಗೆ ಬಂತು.